ಡ್ರೈವರ್ ಸಮೇತ ತೂಕ

ಓಟದಲ್ಲಿ ಸೋತವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಟೈರನ್ನು ಬೈಯುತ್ತಾರೆ, ಪೆಟ್ರೋಲನ್ನು ಬೈಯುತ್ತಾರೆ, ಬೆಳಿಗ್ಗೆ ಎದ್ದು ನೋಡಿದ ಮುಖವನ್ನು ಬೈಯುತ್ತಾರೆ. ಸೋತ ತಕ್ಷಣ ಕಾರಿನಿಂದ ಇಳಿದು, "ತಕ್ಕಡಿ ತರಿಸ್ರಪ್ಪಾ!" ಎಂದು ಕೂಗುತ್ತಿದ್ದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದರು. ಅವರು ನನ್ನ ಅಕ್ಕನ ಗಂಡ. ನನಗೆ ಉತ್ಪ್ರೇಕ್ಷೆಯ ಚಟ ಇರುವುದು ನಿಜ, ಆದರೆ ಇದು ಮಾತ್ರ ಕಣ್ಣಾರೆ ಕಂಡದ್ದು!

ಭಾವ ಕೆಜಿಎಫ್‌ನ ಒಂದು ಕಾರ್ಖಾನೆಯಲ್ಲಿ ವೆಲ್ಡರ್ ಆಗಿದ್ದರು. ಮನೆ ಬೇತಮಂಗಲದ ದಾರಿಯ ಒಂದು ಹಳ್ಳಿಯಲ್ಲಿ. ಅಲ್ಲಿ ಅಕ್ಕ, ಎರಡು ಸೀಮೆಹಸು, ಕೊಟ್ಟಿಗೆಯ ಪಕ್ಕದಲ್ಲಿ ಆ ಮೂವರಿಗಿಂತಲೂ ಹೆಚ್ಚು ಆರೈಕೆ ಪಡೆಯುತ್ತಿದ್ದ ಒಂದು ಹಳೆಯ ಪುಟ್ಟ ಕಾರು. ವರ್ಷಕ್ಕೊಮ್ಮೆ ಮೈಸೂರು ಮೈನ್ಸ್ ಎಂಬ ಹಳೆಯ ಗಣಿಯ ಆಚೆಯ ಬಯಲಿನಲ್ಲಿ, ಗಣಿಯ ಮಣ್ಣಿನ ಗುಡ್ಡೆಗಳ ಕೆಳಗೆ, ನಮ್ಮ ಕಡೆಯ ಹುಚ್ಚರೆಲ್ಲ ಸೇರಿ ಕಾರಿನ ಪಂದ್ಯ ನಡೆಸುತ್ತಾರೆ. ಎಲ್ಲರದೂ ಒಂದೇ ಬಗೆಯ ಕಾರು, ಒಂದೇ ಬಗೆಯ ಎಂಜಿನ್. ಓಟಕ್ಕೆ ಮೊದಲು ಖಾಲಿ ಕಾರನ್ನು ವೇಬ್ರಿಡ್ಜ್ ಮೇಲೆ ನಿಲ್ಲಿಸಿ ತೂಗುತ್ತಿದ್ದರು. ಗೊತ್ತುಮಾಡಿದ ತೂಕಕ್ಕಿಂತ ಕಡಿಮೆ ಇರುವಂತಿಲ್ಲ. ಆದರೆ ಖಾಲಿ ಕಾರು! ಭಾವನ ಬಾಳಿನ ಗೋಳೆಲ್ಲ ಆ 'ಖಾಲಿ'ಯಲ್ಲೇ ಇತ್ತು.

ಭಾವನದು ಭಾರಿ ಶರೀರ. ಅವರು ಒಳಗೆ ಕೂತರೆ ಕಾರು ನಿಟ್ಟುಸಿರು ಬಿಟ್ಟು ಒಂದು ಗೇಣು ಕೆಳಗಿಳಿಯುತ್ತಿತ್ತು. ವರ್ಷವರ್ಷವೂ ಗೆಲ್ಲುತ್ತಿದ್ದವನು ಸೆಲ್ವಂ. ರಾಬರ್ಟ್‌ಸನ್‌ಪೇಟೆಯಲ್ಲಿ ಮೆಕ್ಯಾನಿಕ್ ಅಂಗಡಿ ಇಟ್ಟುಕೊಂಡವನು. ಅವನನ್ನು ಪಕ್ಕದಿಂದ ನೋಡಿದರೆ ಕಾಣುವುದೇ ಇಲ್ಲ, ಎದುರಿನಿಂದಲೇ ನೋಡಬೇಕು!

"ಅಲ್ಲಾ ಸ್ವಾಮಿ, ಕಾರು ತಾನೇ ಓಡ್ತದಾ? ಒಳಗೆ ಕುಂತೋನೇನು ಗಾಳೀನಾ?" ಎಂದು ಭಾವ ಪಂದ್ಯದ ಅಧ್ಯಕ್ಷರ ಮುಂದೆ ನಿಲ್ಲುತ್ತಿದ್ದರು. "ಡ್ರೈವರ್ ಸಮೇತ ತೂಗಿ. ಅದು ನ್ಯಾಯ."

"ಮುದ್ದೆ ಕಮ್ಮಿ ಮಾಡಪ್ಪ, ಅದೂ ನ್ಯಾಯಾನೇ," ಎನ್ನುತ್ತಿದ್ದರು ಅಧ್ಯಕ್ಷರು. ಗಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಹಿರಿಯರು, ನಗುವಾಗಲೂ ಹುಬ್ಬು ಗಂಟಿಕ್ಕುವವರು.

ಒಂದು ವರ್ಷ ಭಾವ ಆ ಮಾತನ್ನು ಕೇಳಿ ಮುದ್ದೆ ಬಿಟ್ಟೇಬಿಟ್ಟರು. ಒಂದೆರಡು ದಿನವಷ್ಟೆ! ಹಸುವಿಗೆ ಕಲಸಿದ ಬೂಸಾದ ಕಡೆಗೆ ಅವರು ನೋಡುತ್ತಿದ್ದ ನೋಟ ಕಂಡು ಅಕ್ಕ ಹೆದರಿ, ಬಿಸಿ ಮುದ್ದೆಯನ್ನು ತಾನೇ ಮುರಿದು ತಟ್ಟೆಗೆ ಹಾಕಿದಳು.

ಮರುವರ್ಷ ಭಾವ ರಾಗಿಮೂಟೆಯೊಂದನ್ನು ಹೊತ್ತು ತಂದು ಸೆಲ್ವಂನ ಕಾರಿನಲ್ಲಿ ಇರಿಸಿದರು. "ನಮ್ಮಿಬ್ರಿಗೂ ಇರೋ ವ್ಯತ್ಯಾಸ ಇಷ್ಟು. ಈಗ ಒಂದು ಸುತ್ತು ಓಗಿ ಬಾರ್ಲಾ." ಸೆಲ್ವಂ ಹೋದ. ಬೆವರು ಒರೆಸಿಕೊಂಡು ಬಂದ. "ಐಯೋ ಅಣ್ಣಾ, ಗಾಡಿ ಎಳೀತಾನೇ ಇಲ್ಲಣ್ಣಾ!" ಭಾವ ಗೆದ್ದವರಂತೆ ಅಧ್ಯಕ್ಷರ ಕಡೆ ತಿರುಗಿದರು. ಅಧ್ಯಕ್ಷರು ಬಹಳ ಹೊತ್ತು ಯೋಚಿಸಿ ಹೇಳಿದರು: "ರಾಗಿಮೂಟೆಗೆ ನಮ್ಮಲ್ಲಿ ಲೈಸೆನ್ಸ್ ಇಲ್ಲ."

ತಮಗೆ ಅನುಕೂಲವಾಗಲಿ ಎಂದು ಭಾವ ಹೀಗೆಲ್ಲ ಹಾರಾಡುತ್ತಿದ್ದರು ಎಂದುಕೊಳ್ಳಬೇಡಿ. ಕಾರ್ಖಾನೆಯ ಕ್ರೀಡಾಕೂಟದ ಹಗ್ಗಜಗ್ಗಾಟದಲ್ಲಿ ಎರಡೂ ತಂಡಗಳನ್ನು ತೂಗಬೇಕೆಂದು ಹಟ ಹಿಡಿದವರೂ ಅವರೇ. ತೂಗಿದರೆ, ಇವರ ತಂಡವೇ ಭಾರ! ಭಾವ ಹಗ್ಗ ಬಿಟ್ಟು ಹೊರಗೆ ಬಂದು ನಿಂತರು. ಇವರ ತಂಡ ಮುಗ್ಗರಿಸಿ ಬಿತ್ತು. ಸೋತ ತಂಡದವರು ಯುಗಾದಿಯವರೆಗೂ ಇವರನ್ನು ಮಾತನಾಡಿಸಲಿಲ್ಲ.

ಒಮ್ಮೆ ನಾನು ಕೆಣಕಿದೆ. "ಭಾವ, ತೂಕದ ಮಾತು ಬಿಡಿ. ನೀವು ಓಡಿಸೋದೇ ಸರಿಯಿಲ್ಲ ಅಂತಲೂ ಇರಬಹುದಲ್ಲಾ?"

ಅವರಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. "ಇರಬೌದು ಅಮ್ಮಣ್ಣಿ," ಎಂದರು. "ಅದು ನಂಗೆ ಗೊತ್ತಾಗಬೇಕಲ್ಲಾ? ತೂಕ ಸಮ ಮಾಡ್ಲಿ. ಆಮ್ಯಾಕೆ ಸೋತ್ರೆ, ಸೋತೆ ಅಂತೀನಿ."

ಇದಾದ ಮೇಲೆ ಭಾವನಿಗೆ ಊಟ ಸೇರದಾಯಿತು. ಮತ್ತೆ ಪಥ್ಯ ಶುರುವಾಯಿತು ಎಂದು ನಾವೆಲ್ಲ ನಕ್ಕೆವು. ಅವರೂ ನಕ್ಕರು. ಅಂಗಿ ಸಡಿಲವಾಯಿತು, ಬೆಲ್ಟಿಗೆ ಹೊಸ ತೂತುಗಳು ಬಿದ್ದವು, ನಮ್ಮ ನಗು ನಿಂತುಹೋಯಿತು. ಹೊಟ್ಟೆಯಲ್ಲಿ ಗೆಡ್ಡೆ ಎಂದರು ಕೋಲಾರದ ಡಾಕ್ಟರು. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಗೆಡ್ಡೆ ಮತ್ತೆ ಬಂತು. ಕೊನೆಗೆ ಅಲ್ಲಿನ ಡಾಕ್ಟರು ಅಕ್ಕನನ್ನು ಪಕ್ಕಕ್ಕೆ ಕರೆದು, "ಇನ್ನು ಅವರ ಮನಸ್ಸಿಗೆ ಇಷ್ಟವಾದದ್ದನ್ನು ಮಾಡಲಿ ಬಿಡಿ," ಎಂದರು. ಅಷ್ಟು ದೊಡ್ಡ ಮನುಷ್ಯ ಚಾಪೆಯ ಮೇಲೆ ಮಡಿಸಿಟ್ಟ ಬಟ್ಟೆಯಂತೆ ಮಲಗಿರುತ್ತಿದ್ದರು.

ಆಗ ಒಂದು ದಿನ ಸೆಲ್ವಂ ಹಳ್ಳಿಗೆ ಬಂದ. ಬಾಗಿಲಲ್ಲೇ ಚಪ್ಪಲಿ ಬಿಡುತ್ತಾ ಕೂಗಿದ: "ಅಣ್ಣಾ, ರೂಲ್ ಮಾತ್ತಿಟ್ಟಾಂಗ, ಬದಲಾಯಿಸ್ಬುಟ್ರು! ಈ ವರ್ಷದಿಂದ ಡ್ರೈವರ್ ಸೇರಿಸಿ ತೂಕ! ಕಮಿಟಿಯಲ್ಲಿ ನಾನೇ ಜಗಳ ಆಡಿ ಮಾಡಿಸ್ದೆ ಅಣ್ಣಾ."

ಒಳಗೆ ಬಂದು ಭಾವನನ್ನು ನೋಡಿದವನು ಬಾಗಿಲ ಚೌಕಟ್ಟು ಹಿಡಿದು ನಿಂತ. ಭಾವ ತಮ್ಮ ಒಣಗಿದ ತೋಳುಗಳನ್ನು ಒಮ್ಮೆ ನೋಡಿಕೊಂಡರು. ಆಮೇಲೆ ಕೆಮ್ಮು ಬರುವ ತನಕ ನಕ್ಕರು. "ಲೇ ಸೆಲ್ವಂ, ನಾನು ದಪ್ಪ ಇದ್ದಾಗ ನೀನ್ ಏನ್ ಮಾಡ್ತಿದ್ದೆ?" ಸೆಲ್ವಂ ನಗಲಾರದೆ, ಅಕ್ಕ ಕೊಟ್ಟ ಕಾಫಿಯನ್ನು ನೋಡುತ್ತಾ ಕೂತ. ಕಾಫಿ ಆರಿಹೋಯಿತು.

"ನಾನು ಓಡಿಸ್ತೀನಿ," ಎಂದರು ಭಾವ. ಅಕ್ಕ ಅತ್ತಳು, ಬೈದಳು, ಎರಡೂ ಮುಗಿದ ಮೇಲೆ, "ಅಂಗಾದ್ರೆ ನಾನೂ ಬತ್ತೀನಿ," ಎಂದಳು. ಅಲ್ಲಿಯವರೆಗೆ ಒಮ್ಮೆಯೂ ಆ ಬಯಲಿಗೆ ಕಾಲಿಟ್ಟವಳಲ್ಲ ಅವಳು.

ಪಂದ್ಯದ ದಿನ ಭಾವ ಕಾರಿನಲ್ಲಿ ಕೂತೇ ವೇಬ್ರಿಡ್ಜ್ ಹತ್ತಿಸಿದರು. ಅಧ್ಯಕ್ಷರು ಅವರ ಮುಖ ನೋಡಿದರು, ತೂಕದ ನಂಬರು ನೋಡಿದರು, ಬೇರೆಲ್ಲೋ ನೋಡಿದರು. "ಸರಿ ಐತೆ. ಮುಂದಕ್ಕೆ ಓಗ್ಲಿ."

"ನಂಬರ್ ಎಷ್ಟು?" ಎಂದರು ಭಾವ.

"ಸರಿ ಐತೆ ಅಂದ್ನಲ್ಲಪ್ಪ."

"ನಾನು ಕೇಳಿದ್ದು ನಂಬರ್."

ಅಧ್ಯಕ್ಷರು ಮೆಲ್ಲಗೆ ಓದಿದರು. ತೂಕ ಕಡಿಮೆ ಇತ್ತು. "ಇಷ್ಟು ವರ್ಷ ನಿಮ್ ತಾವ ತೂಕ ಕೇಳ್ದೆ, ಕನಿಕರ ಕೇಳ್ಲಿಲ್ಲ," ಎಂದರು ಭಾವ. "ಕಬ್ಬಿಣ ಆಕ್ಸಿ."

ಸೆಲ್ವಂ ಓಡಿಹೋಗಿ ಕಬ್ಬಿಣದ ಪ್ಲೇಟುಗಳನ್ನು ತಂದ. ಭಾವನ ಸೀಟಿನ ಪಕ್ಕದಲ್ಲಿ ಮಂಡಿಯೂರಿ ಬೋಲ್ಟ್ ಬಿಗಿ ಮಾಡಿದ. ಮತ್ತೆ ಬಿಗಿ ಮಾಡಿದ. ಮತ್ತೂ ಮುಟ್ಟಿ ನೋಡಿದ. ಅವನಿಗೆ ಅಲ್ಲಿಂದ ಏಳಲು ಮನಸ್ಸೇ ಬರಲಿಲ್ಲ.

"ಸಾಕು ಏಳ್ಲಾ," ಎಂದರು ಭಾವ. "ಇಲ್ಲಾಂದ್ರೆ ನಿನ್ನೂ ಸೇರಿಸಿ ತೂಗಬೇಕಾಯ್ತದೆ!"

ಓಟದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಪ್ರತಿ ತಿರುವಿನಲ್ಲೂ ಭಾವನ ಕಾರು ಹೊರಕ್ಕೆ ಸರಿದುಹೋಗುತ್ತಿತ್ತು. ಸ್ಟೇರಿಂಗ್ ತಿರುಗಿಸಲು ತೋಳಿನಲ್ಲಿ ಕಸುವಿರಲಿಲ್ಲ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಸೆಲ್ವಂ ಮೊದಲು ಬಂದ. ಭಾವ ಎಲ್ಲರಿಗಿಂತ ಕೊನೆಗೆ, ಧೂಳೆಲ್ಲ ಅಡಗಿದ ಮೇಲೆ, ಗೆರೆ ದಾಟಿದರು.

ಸೆಲ್ವಂ ಹೆಲ್ಮೆಟ್ ಎಸೆದು ಅವರ ಕಾರಿನ ಕಿಟಕಿಯ ಬಳಿಗೆ ಓಡಿದ. ಭಾವ ಅವನ ಕೈ ಹಿಡಿದುಕೊಂಡರು. "ತೂಕ ಸಮ ಇತ್ತು. ನಾನೇ ಸೋತೆ ಕಣ್ಲಾ. ನೀನು ಚೆಂದಾಗಿ ಓಡಿಸ್ತೀಯ."

"ಇಲ್ಲಣ್ಣಾ!" ಸೆಲ್ವಂ ಅಳುತ್ತಿದ್ದ. "ನಿಮ್ ಮೈಯಲ್ಲಿ ಶಕ್ತೀನೇ ಇಲ್ಲ. ಇದು ಸಮ ಎಂಗಣ್ಣಾ ಆಯ್ತದೆ?"

ಭಾವ ಸೀಟಿಗೆ ತಲೆಯೊರಗಿಸಿ ಕಣ್ಣು ಮುಚ್ಚಿದರು. "ಅದಕ್ಕೆ ಯಾರ ತಾವೂ ರೂಲ್ ಇಲ್ಲ ಬಿಡು."

ಮುಂದಿನ ಸಲ ಮಾವು ಹೂಬಿಡುವ ಹೊತ್ತಿಗೆ ಭಾವ ಇರಲಿಲ್ಲ. ಅವರು ಹೋಗುವುದಕ್ಕೆ ಕೆಲವು ದಿನ ಮುಂಚೆ ನಾನು ಬಂಗಾರಪೇಟೆಯಿಂದ ಮೊದಲ ಬಸ್ಸು ಹಿಡಿದು ಅಕ್ಕನ ಮನೆಗೆ ಹೋಗಿದ್ದೆ. ಅಕ್ಕ ಡೇರಿಗೆ ಹಾಲು ಹಾಕಿ ಬಂದು, ಭಾವನನ್ನು ಎಳೆಬಿಸಿಲಿಗೆ ಕೂರಿಸಲು ಎಬ್ಬಿಸುತ್ತಿದ್ದಳು. ಅವರ ತೋಳನ್ನು ತನ್ನ ಕತ್ತಿಗೆ ಸುತ್ತಿಕೊಂಡು, ಸೊಂಟಕ್ಕೆ ಕೈಕೊಟ್ಟು, ಮಗುವನ್ನು ಎತ್ತುವ ಹಾಗೆ ಎತ್ತಿದಳು. ನಾನು ನೆರವಿಗೆ ಹೋದರೆ ಕಣ್ಣಿನಲ್ಲೇ ಬೇಡ ಎಂದಳು.

ಭಾವನಿಗೆ ನಾಚಿಕೆಯಾಯಿತೋ ಏನೋ. "ಬಿಡೇ, ನಿಂಗೆ ಭಾರ ಆಯ್ತೀನಿ," ಎಂದರು.

ಅಕ್ಕ ಬಿಡಲಿಲ್ಲ. ಅವರ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು.

"ಆಗಿ," ಎಂದಳು. "ಇನ್ನೂ ಒಸಿ ಭಾರ ಆಗಿ. ನಾನೇನು ಬ್ಯಾಡ ಅಂದ್ನಾ?"