ಭಾಲಚಂದ್ರ ಮಾಸ್ತರರ ಕಿವಿ ಪಾಠ

ಭಾಲಚಂದ್ರ ಮಾಸ್ತರರ ಫಜೀತಿಗೆಲ್ಲ ಕಾರಣ ಒಂದು ಕುರ್ಚಿ. ಔರಾದ ದಾಟಿ ಇನ್ನೂ ಒಳಗೆ ಹೋದರೆ ಸಿಗುವ ಲಿಂಬೋಳವಾಡಿಯ ಸರಕಾರಿ ಶಾಲೆಯಲ್ಲಿ, ನಲಿ-ಕಲಿ ಕೋಣೆಯ ಮೂಲೆಯಲ್ಲಿ ಅದು ಕೂತಿತ್ತು. ನಿಜಾಮರ ಕಾಲದ್ದು ಅಂತ ಊರಲ್ಲಿ ಎಲ್ಲರೂ ಹೇಳುತ್ತಿದ್ದರು. ಸಾಗವಾನಿಯ ತೋಳು, ಬೆತ್ತದ ಹೆಣಿಗೆ. ಎಷ್ಟೋ ತಲೆಮಾರಿನ ಗುರುಗಳ ಭಾರಕ್ಕೆ ಆ ಬೆತ್ತ ನಡುವೆ ತಗ್ಗಿ ಜೋಳಿಗೆಯಂತಾಗಿತ್ತು. ಊಟವಾದ ಮೇಲೆ ಅದರಲ್ಲಿ ಕೂತು ಎಚ್ಚರ ಉಳಿದವರು ಯಾರೂ ಇರಲಿಲ್ಲ.

ನಲಿ-ಕಲಿ ಅಂದರೆ ಒಂದರಿಂದ ಮೂರನೆಯ ತರಗತಿಯ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪುಗುಂಪಾಗಿ ಕೂತು, ಚಿತ್ರದ ಕಾರ್ಡು ಹಿಡಿದು ಕಲಿಯುವುದು. ತಲೆಯ ಮೇಲೆ ದಾರ ಕಟ್ಟಿ, ಮಕ್ಕಳೇ ಕತ್ತರಿಸಿದ ಕಾಗದದ ಹಕ್ಕಿಗಳನ್ನು ತೂಗುಬಿಟ್ಟಿರುತ್ತಾರೆ. ಗುರುಗಳೂ ನೆಲದ ಮೇಲೆಯೇ ಕೂಡಬೇಕು. ಕುರ್ಚಿಗೆ ಅಲ್ಲಿ ಏನೂ ಕೆಲಸವಿರಲಿಲ್ಲ. ಆದರೂ ಅದನ್ನು ಎತ್ತಿ ಹೊರಗಿಡಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ, ಮಾಸ್ತರರಿಗಂತೂ ಮೊದಲೇ ಇಲ್ಲ.

ಅವರ ಮನೆ ಬೀದರಿನ ಮೈಲೂರಿನಲ್ಲಿ. ಇನ್ನೂ ಕತ್ತಲಿರುವಾಗಲೇ ಎದ್ದು ಔರಾದ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ ಬರಬೇಕು. ಹೊರಡುವಾಗ ಮಗಳು ಮಂಜಿರಿ ಮಲಗಿರುತ್ತಿದ್ದಳು, ಮರಳಿ ಬರುವಾಗ ಮತ್ತೆ ಮಲಗಿರುತ್ತಿದ್ದಳು. ಅವಳು ಈ ವರ್ಷವೇ ಒಂದನೆಯ ತರಗತಿಗೆ ಸೇರಿದ್ದಳು. ಊರ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸುವ ಮನುಷ್ಯ ತನ್ನ ಮಗಳ ಕೈ ಹಿಡಿದು ಒಮ್ಮೆಯೂ ಶಾಲೆಗೆ ಬಿಟ್ಟು ಬಂದಿರಲಿಲ್ಲ. ಮೈಲೂರಿನ ಶಾಲೆಯಲ್ಲಿ ಒಂದು ಜಾಗ ಖಾಲಿ ಇತ್ತು. ಭಾಲ್ಕಿಯ ರಶೀದ ಅಹ್ಮದ ಸಾಹೇಬರು, ಶಾಲೆ ತಪಾಸಣೆಯ ಅಧಿಕಾರಿ, ಮನಸ್ಸು ಮಾಡಿದರೆ ಅವರನ್ನು ಅಲ್ಲಿಗೆ ನಿಯೋಜನೆ ಮಾಡಬಹುದಿತ್ತು. ಮಾಸ್ತರರಿಗೆ ಬಸ್ಸಿನಲ್ಲಿ ಬೀಳುತ್ತಿದ್ದ ಕನಸುಗಳಲ್ಲೆಲ್ಲ ಮೈಲೂರಿನ ಓಣಿ, ಮಂಜಿರಿಯ ನೀಲಿ ಚೀಲ, ಅವಳ ಪುಟ್ಟ ಕೈ.

ಬಸ್ಸಿನಲ್ಲಿ ಅರ್ಧವಾದ ಕನಸನ್ನು ಪೂರ್ತಿ ಮಾಡಲು ಆ ಕುರ್ಚಿ ಬೇಕಾಗುತ್ತಿತ್ತು. ಒಂದು ದಿನ ಹೀಗೆ ಕಣ್ಣು ತೆರೆದಾಗ ಮಕ್ಕಳೆಲ್ಲ ಸುತ್ತ ನಿಂತು ಅವರ ಬಾಯಿಯನ್ನೇ ನೋಡುತ್ತಿದ್ದರು.

"ಸರ್, ಮಲ್ಕೊಂಡಿದ್ರೇನ್ರಿ?" ಎಂದ ಗುಡ್ಡು.

"ಏ ಇಲ್ಲೋ, ಕೇಳ್ಲಿಕ್ಕತ್ತಿದ್ದೆ," ಎಂದರು ಮಾಸ್ತರರು. ಹೇಳಿದ ಮೇಲೆ ಮುಂದುವರಿಸಲೇಬೇಕಾಯಿತು. "ಇದು ಕಿವಿ ಪಾಠ. ಈ ಕುರ್ಚಿಮ್ಯಾಲ ಕಣ್ಣು ಮುಚ್ಚಿದ್ವು ಅಂದ್ರ ಪಾಠ ಸುರು. ನೀವೂ ಅಲ್ಲಲ್ಲೇ ಮಲ್ಕೊಂಡು ಕಣ್ಣು ಮುಚ್ಚಿ, ಹೊರಗಿನ ಸಪ್ಪಳ ಕೇಳಬೇಕು. ಕುರ್ಚಿಮ್ಯಾಲಿನ ಕಣ್ಣು ತೆರೆದ ಮ್ಯಾಲ ಏನೇನು ಕೇಳಿಸ್ತು, ಒಬ್ಬೊಬ್ರೇ ಹೇಳಬೇಕು."

ಅಂದಿನಿಂದ ಊಟದ ನಂತರ ಲಿಂಬೋಳವಾಡಿಯಲ್ಲಿ ದಿನವೂ ಕಿವಿ ಪಾಠ. ಇಷ್ಟು ಶಿಸ್ತಿನ ಪಾಠ ಇನ್ನೊಂದಿರಲಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಬಸ್ಸಿನಲ್ಲಿ ಮಾಸ್ತರರ ಫೋನು ಬಡಿದುಕೊಂಡಿತು. ಮುಖ್ಯಗುರು ಮುಜೀಬೋದ್ದೀನರು.

"ಮಾಸ್ತರೆ, ಎಲ್ಲಿ ಅದೀರಿ? ಇವತ್ತ ಊಟದ ಹೊತ್ತಿಗೆ ಸಾಹೇಬ್ರು ಬರ್ಲಿಕ್ಕತ್ತ್ಯಾರ. ನಿಮ್ಮ ಕೋಣಿನೇ ನೋಡ್ತಾರಂತ. ನೀವು ಸಾಲ್ಯಾಗ ಮಲಗ್ತೀರಿ ಅಂತ ಯಾರೋ ಕಿವಿ ಊದ್ಯಾರ."

ಮಾಸ್ತರರ ನಿದ್ದೆ ಹಾರಿಹೋಯಿತು. ಆದರೆ ಹಾರಿದ್ದು ದೂರವೇನೂ ಹೋಗಲಿಲ್ಲ. ಹಿಂದಿನ ರಾತ್ರಿ ಓಣಿಯಲ್ಲಿ ಮದುವೆಯ ಬ್ಯಾಂಡು ಬೆಳಗಿನ ತನಕ ಬಡಿದಿತ್ತು. ಸಂತಪುರದ ಹತ್ತಿರ ಬರುವಷ್ಟರಲ್ಲಿ ರೆಪ್ಪೆಗಳು ಮತ್ತೆ ಜೋತುಬಿದ್ದವು.

ಶಾಲೆಗೆ ಹೋದರೆ ಎಲ್ಲರೂ ಸಹಾಯಕ್ಕೆ ತಯಾರಾಗಿ ನಿಂತಿದ್ದರು. ಅಡುಗೆಯ ಕುಲಸುಮಬೀ ದೊಡ್ಡ ಲೋಟ ಹಿಡಿದು ಬಂದಳು. "ಇದು ಕುಡೀರಿ ಮಾಸ್ತರ್. ಶುಂಠಿ, ಮೆಣಸು, ಲವಂಗ ಹಾಕೀನಿ. ನಿದ್ದಿ ಔರಾದ ತನಕ ಓಡಿ ಹೋಗ್ತದ."

ಮಾಸ್ತರರು ಒಂದು ಗುಟುಕು ಕುಡಿದರು. ಕಣ್ಣಿನಿಂದ ನೀರು ಬಂತು, ಮೂಗಿನಿಂದ ನೀರು ಬಂತು, ನಿದ್ದೆ ಮಾತ್ರ ಇದ್ದಲ್ಲೇ ಇತ್ತು.

"ಮೊದಲ ಆ ಕುರ್ಚಿ ಹೊರಗ ಹಾಕ್ರಿ ಸರ್," ಎಂದು ಮಾಸ್ತರರು ಅಂಗಲಾಚಿದರು.

"ನಕ್ಕೋ ನಕ್ಕೋ, ಅದೊಂದು ಬ್ಯಾಡ್ರಿ," ಎಂದರು ಮುಜೀಬೋದ್ದೀನರು. "ಸಾಹೇಬ್ರು ಎಲ್ಲಿ ಕೂಡಬೇಕ್ರಿ? ಆಫೀಸಿನ ಪ್ಲಾಸ್ಟಿಕ್ ಕುರ್ಚಿಗಿ ಕಾಲು ಮುರದಾದ. ಇದ್ದದ್ದು ಇದೊಂದೇ ಇಜ್ಜತಿನ ಕುರ್ಚಿ."

ಅವರು ಕುರ್ಚಿಗೆ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿಸಿದರು. ಕುಲಸುಮಬೀ ಮನೆಗೆ ಓಡಿ, ಮಗಳ ಮದುವೆಗೆಂದು ಇಟ್ಟಿದ್ದ ಹತ್ತಿಯ ಮೆತ್ತನೆಯ ಗಾದಿ ತಂದು ಅದರ ಮೇಲೆ ಹಾಸಿದಳು. ಇದ್ದ ಅಪಾಯಕ್ಕೆ ಇಬ್ಬರೂ ಸೇರಿ ಹಾಸಿಗೆ ಹಾಸಿಕೊಟ್ಟರು.

ಮಾಸ್ತರರು ತಮ್ಮ ಕಡೆಯಿಂದಲೂ ಒಂದು ಏರ್ಪಾಟು ಮಾಡಿಕೊಂಡರು. ಮೂರನೆಯ ತರಗತಿಯ ಅಂಬರೀನಳನ್ನು ಕರೆದರು. ಹೇಳಿದ ಕೆಲಸವನ್ನು ಹೇಳಿದ್ದಕ್ಕಿಂತ ಹೆಚ್ಚು ಮಾಡುವ ಹುಡುಗಿ ಅವಳು.

"ನೋಡವ್ವಾ, ನಾ ಇವತ್ತ ನಿಂತೇ ಪಾಠ ಮಾಡ್ತೇನಿ. ನೀ ನನ್ನ ಹಿಂದ ನಿಂದ್ರು. ನನ್ನ ಕಣ್ಣು ಮುಚ್ಚಿದ್ವು ಅಂದ್ರ ಪೆನ್ಸಿಲಿನಿಂದ ಚುಚ್ಚು."

"ಜೋರಲೇ ಏನ್ರಿ ಸರ್?"

"ಸಣ್ಣಗ."

"ಎಲ್ಲಿತನಕ ಚುಚ್ಚಬೇಕ್ರಿ?"

"ನಾ ಸಾಕಂತ ಹೇಳೋತನಕ," ಎಂದರು ಮಾಸ್ತರರು. ಈ ಮಾತು ಮುಂದೆ ಎಷ್ಟು ದೂರ ಹೋದೀತೆಂದು ಆಗ ಅವರಿಗೆ ಹೊಳೆಯಲಿಲ್ಲ.

ರಶೀದ ಅಹ್ಮದ ಸಾಹೇಬರು ಬಂದರು. ದಪ್ಪ ಕನ್ನಡಕ, ಕನ್ನಡಕದ ಕೆಳಗೆ ಕಪ್ಪಾಗಿ ಉಬ್ಬಿದ ಕಣ್ಣು. ಕುಲಸುಮಬೀ ಬಡಿಸಿದ ಗೋದಿ ಹುಗ್ಗಿಯನ್ನು ಬೇಡ ಬೇಡ ಅನ್ನುತ್ತಲೇ ಮೂರು ಸಲ ಹಾಕಿಸಿಕೊಂಡರು. ಆಮೇಲೆ ಕೋಣೆಗೆ ಬಂದು ನೇರ ಹೋಗಿ ಕುರ್ಚಿಯಲ್ಲಿ ಕೂತರು. ಕೂತರು ಅನ್ನುವುದಕ್ಕಿಂತ ಗಾದಿಯೊಳಗೆ ಇಳಿದರು.

"ಹೂಂ, ಪಾಠ ನಡೀಲಿ," ಎಂದರು.

ಮಾಸ್ತರರು ಸಂಕಲನ ಶುರು ಮಾಡಿದರು. "ಮಕ್ಕಳೇ, ನನ್ನ ಹತ್ರ ಐದು ಪ್ಯಾರಲ ಹಣ್ಣು ಅವ. ಗುಡ್ಡು ಇನ್ನೆರಡು ಕೊಟ್ಟ. ಈಗ ಒಟ್ಟು... ಅಯ್ಯಯ್ಯೋ!"

"ಏನಾಯ್ತ್ರಿ?" ಎಂದರು ಸಾಹೇಬರು.

"ಏನಿಲ್ರಿ, ಏಳು ಆಯ್ತ್ರಿ!"

ರೆಪ್ಪೆ ಬಡಿದದ್ದನ್ನೂ ಅಂಬರೀನ ಕಣ್ಣು ಮುಚ್ಚಿದ್ದೆಂದೇ ಲೆಕ್ಕ ಹಿಡಿಯುತ್ತಿದ್ದಳು. ಮಾಸ್ತರರು ಪ್ರತಿ ಲೆಕ್ಕಕ್ಕೂ ಒಂದೊಂದು ಗೇಣು ಮೇಲೆ ಹಾರುತ್ತ, ಬೆನ್ನು ಉಜ್ಜಿಕೊಳ್ಳುತ್ತ ಪಾಠ ಮಾಡಿದರು. "ಭಾಳ ಹುರುಪಿನ ಮನಿಶಾ," ಎಂದು ಸಾಹೇಬರು ಗೊಣಗಿದರು. ಕಿಟಕಿಯಿಂದ ಬಂದ ಗಾಳಿಗೆ ಕಾಗದದ ಹಕ್ಕಿಗಳು ನಿಧಾನವಾಗಿ ತಿರುಗಿದವು. ಸಾಹೇಬರು ಅವನ್ನು ನೋಡಿದರು. ಇನ್ನೊಮ್ಮೆ ನೋಡಿದರು. ಕನ್ನಡಕ ಮೂಗಿನ ತುದಿಗೆ ಜಾರಿತು, ಕಣ್ಣು ಮುಚ್ಚಿದವು.

ಕುರ್ಚಿಯ ಮೇಲಿನ ಕಣ್ಣು ಮುಚ್ಚಿದರೆ ಏನು ಮಾಡಬೇಕೆಂದು ಮಕ್ಕಳಿಗೆ ಯಾರೂ ಹೇಳಬೇಕಿರಲಿಲ್ಲ. ಕಾರ್ಡುಗಳನ್ನು ಸದ್ದಿಲ್ಲದೆ ಬದಿಗಿಟ್ಟು, ಇಡೀ ತರಗತಿ ನೆಲದ ಮೇಲೆ ಒರಗಿ ಕಣ್ಣು ಮುಚ್ಚಿತು. ಅಂಬರೀನಳೂ ಪೆನ್ಸಿಲು ಎದೆಯ ಮೇಲಿಟ್ಟುಕೊಂಡು ಮಲಗಿದಳು.

"ಏ, ಏಳ್ರೋ! ಏಳ್ರವ್ವಾ!" ಎಂದು ಮಾಸ್ತರರು ಪಿಸುಗುಟ್ಟಿದರು. ಯಾರೂ ಏಳಲಿಲ್ಲ. ಕಿವಿ ಪಾಠದಲ್ಲಿ ಮಾತಿಗೆ ಉತ್ತರ ಕೊಡಬಾರದೆಂದು ಕಲಿಸಿದವರು ಅವರೇ. ಜೋರಾಗಿ ಕೂಗಿದರೆ ಸಾಹೇಬರು ಏಳುತ್ತಾರೆ. ಮಲಗಿದ ಸಾಹೇಬರನ್ನು ಎಬ್ಬಿಸುವ ಧೈರ್ಯ ಬೀದರ ಜಿಲ್ಲೆಯ ಯಾವ ಮಾಸ್ತರನಿಗಿದೆ? ಅವರು ಸುಮ್ಮನೆ ನಿಂತರು.

ನಿಂತಾಗ ಮೆಲ್ಲಗೆ ಒಂದೊಂದೇ ಸಪ್ಪಳ ಕೇಳತೊಡಗಿತು. ಹೊರಗೆ ಬೇವಿನ ಎಲೆ. ಅದರಾಚೆ ಹೊಲದಲ್ಲಿ ಒಣಗಿದ ತೊಗರಿಕಾಯಿಯ ಗಿಲಿಗಿಲಿ. ಎಲ್ಲೋ ಬಾವಿಯ ಕಡೆ ಬಟ್ಟೆ ಒಗೆಯುವ ಸದ್ದು, ಒಂದು ಏಟಿಗೂ ಇನ್ನೊಂದು ಏಟಿಗೂ ನಡುವೆ ಬಳೆಗಳು. ಮಕ್ಕಳ ಉಸಿರು ತೆರೆ ಬಂದು ಹೋದಂತೆ ಕೋಣೆಯನ್ನು ತುಂಬಿ ಖಾಲಿ ಮಾಡುತ್ತಿತ್ತು. ಇಷ್ಟು ದಿನ ಪಾಠ ಹೇಳಿಕೊಟ್ಟ ಮನುಷ್ಯ ಆ ಪಾಠವನ್ನು ಒಮ್ಮೆಯೂ ಕೇಳಿರಲಿಲ್ಲ, ಯಾವಾಗಲೂ ಮಲಗಿರುತ್ತಿದ್ದರು. ಇದು ನಿಜವಾಗಿಯೂ ಚೆಂದದ ಪಾಠ ಅನ್ನಿಸಿ ಅವರಿಗೆ ನಾಚಿಕೆಯಾಯಿತು. ಅಷ್ಟರಲ್ಲಿ ದೂರದ ಸೇತುವೆಯ ಮೇಲೆ ಬಸ್ಸು ಗಡಗಡ ಅಂದು ಔರಾದ ಕಡೆ ಹೋಯಿತು. ಮಂಜಿರಿಯ ಶಾಲೆಯೂ ಇನ್ನು ಸ್ವಲ್ಪ ಹೊತ್ತಿಗೆ ಬಿಡುತ್ತದೆ. ಬೇರೆ ಮಕ್ಕಳ ಅಪ್ಪಂದಿರು ಗೇಟಿನಲ್ಲಿ ನಿಂತಿರುತ್ತಾರೆ.

ಚಹಾ ತಂದ ಕುಲಸುಮಬೀ ಬಾಗಿಲಲ್ಲಿ ಬಂದು ನೋಡಿದಳು. ಮಕ್ಕಳೆಲ್ಲ ನೆಲದ ಮೇಲೆ ಅಡ್ಡಬಿದ್ದಿದ್ದಾರೆ. ಸಾಹೇಬರು ಕುರ್ಚಿಯಲ್ಲಿ ಬಾಯಿ ತೆರೆದಿದ್ದಾರೆ.

"ಯಾ ಅಲ್ಲಾ! ನನ್ನ ಹುಗ್ಗಿ ಉಂಡು ಹಿಂಗಾಯ್ತು!" ಎಂದು ಚೀರಿದಳು. ತಟ್ಟೆ ಕೈಯಿಂದ ಜಾರಿ ಝಣ್ಣೆಂದಿತು. ಓಡಿಬಂದ ಮುಜೀಬೋದ್ದೀನರು ಒಳಗೆ ಇಣುಕಿ, "ಆಂಬುಲೆನ್ಸಿಗಿ ಫೋನ್ ಮಾಡ್ರೋ!" ಎಂದು ಅಂಗಳದಲ್ಲಿ ನಿಂತು ಬೊಬ್ಬೆ ಹೊಡೆದರು.

ಸಾಹೇಬರು ದಡಬಡಿಸಿ ಕಣ್ಣು ತೆರೆದರು. ಕುರ್ಚಿಯ ಮೇಲಿನ ಕಣ್ಣು ತೆರೆದದ್ದೇ ತಡ, ಮಕ್ಕಳು ಎದ್ದು ಸಾಲಾಗಿ ಕೂತರು.

"ಏನಿದು?" ಎಂದರು ಸಾಹೇಬರು, ಗಾದಿಯಿಂದ ಎದ್ದು ಬರಲು ಹೆಣಗಾಡುತ್ತ.

"ಕಿವಿ ಪಾಠ್ರಿ ಸಾಹೇಬ್ರ," ಎಂದಳು ಅಂಬರೀನ. "ನೀವು ಕಣ್ಣು ಮುಚ್ಚಿ ಸುರು ಮಾಡಿದ್ರಿ, ನಾವು ಕೇಳಿದ್ವಿ."

"ತೊಗರಿ ಕೇಳಿಸ್ತ್ರಿ," ಎಂದ ಪುಟ್ಟ ದಾನಿಶ. "ಒಣಗ್ಯಾದ್ರಿ, ಕೊಯ್ಲಿಕ್ಕ ಬಂದಾದ."

"ಬಾವಿ ಹತ್ರ ನಮ್ಮವ್ವನ ಬಳೆ ಕೇಳಿಸಿದ್ವು," ಎಂದಿತು ಇನ್ನೊಂದು ಮಗು.

"ನನಗ ಹುಲಿ ಕೇಳಿಸ್ತ್ರಿ," ಎಂದ ಗುಡ್ಡು. "ಕುರ್ಚಿ ಕಡಿಂದ." ಮುಜೀಬೋದ್ದೀನರಿಗೆ ಜೋರಾಗಿ ಕೆಮ್ಮು ಬಂತು.

"ಬಸ್ಸು ಹೋದಾಗ ನಮ್ಮ ಸರ್ ಉಸುರು ಬಿಟ್ರು," ಎಂದಳು ಅಂಬರೀನ. "ಅದೂ ಕೇಳಿಸ್ತ್ರಿ."

ಸಾಹೇಬರು ಮಾಸ್ತರರ ಹೆಗಲ ಮೇಲೆ ಕೈ ಹಾಕಿ ಬೇವಿನ ಗಿಡದ ಕೆಳಗೆ ಕರೆದುಕೊಂಡು ಹೋದರು. ಮುಜೀಬೋದ್ದೀನರೂ ಹಿಂದೆಯೇ ಬಂದರು. ಮೈಲೂರಿನ ಶಾಲೆಯ ಗೇಟು ಮಾಸ್ತರರ ಕಣ್ಣ ಮುಂದೆಯೇ ಬಂದು ನಿಂತಿತು.

"ಮಾಸ್ತರೆ, ಖರೇ ಹೇಳ್ತೇನಿ," ಎಂದರು ಸಾಹೇಬರು. "ನೀವು ಮಲಗ್ತೀರಿ ಅಂತ ದೂರು ಬಂದಿತ್ತು. ಇವತ್ತ ನೀವು ಮಲಗಿದ್ದು ಕಣ್ಣಿಗಿ ಬಿದ್ದಿದ್ರ, ನಾಳಿಂದಲೇ ನಿಮ್ಮನ್ನ ಮೈಲೂರ ಸಾಲಿಗಿ ಹಾಕಬೇಕಂತ ಬಂದಿದ್ದೆ. ಅಲ್ಲಿ ಹೆಡ್‌ಮಾಸ್ತರ ಭಾಳ ಕಡಕ್. ಮಲಗೋ ಮಂದೀನ ಅಲ್ಲೇ ಇಡಬೇಕು."

ಮಾಸ್ತರರು ಬೇವಿನ ಗಿಡವನ್ನು ಹಿಡಿದುಕೊಂಡರು.

"ಆದರ ಇಂಥಾ ಮಾಸ್ತರನ್ನ ಈ ಮಕ್ಕಳಿಂದ ಕಿತ್ತುಕೊಂಡು ಹೋಗಲೇನು? ತೋಬಾ ತೋಬಾ! ಎಷ್ಟೋ ತಿಂಗಳಾಗಿತ್ತು ನನಗ ಹಿಂಗ..." ಸಾಹೇಬರು ಗಂಟಲು ಸರಿಮಾಡಿಕೊಂಡರು. "ಹಿಂಗ ಕಣ್ಣು ಮುಚ್ಚಿ ಕೇಳಿ. ನೀವು ಇಲ್ಲೇ ಇರಬೇಕು."

"ಸಾಹೇಬ್ರ, ನಾ ಮಲಗ್ತೇನ್ರಿ!" ಎಂದು ಮಾಸ್ತರರು ಕೈ ಮುಗಿದರು. "ದಿನಾ ಮಲಗ್ತೇನಿ! ಆ ಕುರ್ಚ್ಯಾಗೇ ಮಲಗ್ತೇನಿ! ಬೇಕಾದ್ರ ಮಕ್ಕಳಿಗಿ ಕೇಳ್ರಿ!"

ಸಾಹೇಬರ ಕಣ್ಣು ತುಂಬಿದವು. "ಎಷ್ಟು ವಿನಯ ನೋಡ್ರಿ ಮುಜೀಬ ಸಾಬ್. ಹೊಗಳಿದ್ರ ತಾಳ್ಕೊಳ್ಳೂದಿಲ್ಲ."

"ಭಾಳ ಸಂಭಾವಿತ ಮನಿಶಾ," ಎಂದರು ಮುಜೀಬೋದ್ದೀನರು.

ಆ ರಾತ್ರಿ ಮನೆಗೆ ಹೋದಾಗ ಮಂಜಿರಿ ಮಲಗಿದ್ದಳು. ಹೆಂಡತಿ ಅನಸೂಯಾಬಾಯಿ ನೀರು ತಂದುಕೊಟ್ಟು, "ಏನಂದ್ರು?" ಎಂದು ಕೇಳಿದಳು.

"ಭಾಳ ಮೆಚ್ಚಿಕೊಂಡ್ರು," ಎಂದರು ಮಾಸ್ತರರು ಅಳುವ ದನಿಯಲ್ಲಿ. ಮಗಳ ಪಕ್ಕ ಕೂತು, ಅವಳ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು, ಬಹಳ ಹೊತ್ತು ಅವಳ ಉಸಿರು ಕೇಳಿದರು.

ಮುಂದಿನ ಶುಕ್ರವಾರ ಊಟವಾದ ಮೇಲೆ ಸಾಹೇಬರು ಮತ್ತೆ ಬಂದರು. ಮಾದರಿ ಪಾಠ ನೋಡಲೆಂದು ಸುತ್ತಲಿನ ಶಾಲೆಗಳ ಗುರುಗಳನ್ನೂ ಜೀಪಿನಲ್ಲಿ ತುಂಬಿಕೊಂಡು ಬಂದಿದ್ದರು. ಸಾಹೇಬರು ಕುರ್ಚಿಯೊಳಗೆ ಇಳಿದು ಪಾಠ ಶುರು ಮಾಡಿದರು. ಮಕ್ಕಳು ಮಲಗಿದರು. ಗುರುಗಳು ಗೋಡೆಗೆ ಒರಗಿದರು. ಬಾಗಿಲಲ್ಲಿ ಕುಲಸುಮಬೀ ಕೂಡ ಸೆರಗು ಹೊದ್ದು ಕಣ್ಣು ಮುಚ್ಚಿದಳು. ಮಾದರಿ ಪಾಠ ನಡೆಸುವವನು ಮಲಗುವ ಹಾಗಿಲ್ಲವೆಂದು ಭಾಲಚಂದ್ರ ಮಾಸ್ತರರು ಒಬ್ಬರೇ ಆ ಮಂದಿಯ ನಡುವೆ ನಿಂತಿದ್ದರು.

ಕಾಗದದ ಹಕ್ಕಿಗಳು ತಿರುಗಿದವು. ಬೇವು ಉಸುರಿತು. ಮೈಲೂರಿನ ಓಣಿ ತೇಲಿ ಬಂತು, ನೀಲಿ ಚೀಲ ಬಂತು, ಪುಟ್ಟ ಕೈಯೊಂದು ಅವರ ಬೆರಳು ಹಿಡಿಯಿತು. ಗೇಟು ಇನ್ನೇನು ನಾಲ್ಕು ಹೆಜ್ಜೆ.

"ಅಯ್ಯಯ್ಯೋ!"

"ಸಾಕಂತ ನೀವು ಇನ್ನೂ ಹೇಳಿಲ್ರಿ ಸರ್," ಎಂದು ಪೆನ್ಸಿಲು ಹಿಡಿದು ಹಿಂದೆ ಎದ್ದು ನಿಂತಿದ್ದ ಅಂಬರೀನ ಪಿಸುಗುಟ್ಟಿದಳು.