ನನ್ನ ಮಿದುಳಿನ ನಾಲ್ಕು ಚುಕ್ಕೆ

ಪರೀಕ್ಷೆ ಮಾಡುವುದು ಸುಖ, ಮಾಡಿಸಿಕೊಳ್ಳುವುದು ಕಷ್ಟ. ಇದನ್ನು ನಾನು ಅಧಿಕಾರದಿಂದಲೇ ಹೇಳಬಲ್ಲೆ. ಶ್ರೀನಿವಾಸಪುರದ ಹತ್ತಿರ, ರೇಷ್ಮೆ ಮೊಟ್ಟೆ ತಯಾರಿಸುವ ಒಂದು ಬಿತ್ತನೆ ಕೋಠಿಯಲ್ಲಿ ಇಪ್ಪತ್ತೆರಡು ವರ್ಷದಿಂದ ನನ್ನದು ಅದೇ ಕೆಲಸ. ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು, ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತೇನೆ. ತಾಯಿಚಿಟ್ಟೆಯಿಂದ ಮೊಟ್ಟೆಗೆ ಅಂಟುವ ಗಂಟುರೋಗದ ಹೊಳೆಯುವ ಚುಕ್ಕೆ ಕಂಡಿತೋ, ಆ ಗೂಡು ತಂದುಕೊಟ್ಟ ರೈತನ ಪಾಲಿನ ಮೊಟ್ಟೆಯೆಲ್ಲ ಬೆಂಕಿಗೆ. "ಹುಳ ಚೆನ್ನಾಗೇ ತಿಂತಿತ್ತಲ್ಲ ಸಾರ್" ಎಂದು ಯಾರಾದರೂ ಗೋಗರೆದರೆ, ತಿನ್ನುವುದಕ್ಕೂ ರೋಗಕ್ಕೂ ಸಂಬಂಧವಿಲ್ಲ ಎಂದು ಕನ್ನಡಕದ ಮೇಲಿಂದ ನೋಡುತ್ತಾ ಹೇಳುತ್ತಿದ್ದೆ. ಹಾಗೆ ಹೇಳುವಾಗ ನನಗೆ ನನ್ನ ಮೇಲೆ ತುಂಬ ಗೌರವ ಬರುತ್ತಿತ್ತು.

ಹೋದ ಬೇಸಿಗೆಯಲ್ಲಿ ಚಿಟ್ಟೆ ಕೋಣೆಯ ಬಾಗಿಲು ತಲೆಗೆ ಬಡಿಯಿತು. ಬಾಗಿಲಿನ ತಪ್ಪೇನಿಲ್ಲ, ಅದು ಮೊದಲಿನಿಂದಲೂ ಅಷ್ಟೇ ಎತ್ತರದಲ್ಲಿದೆ. ಬುಗುಟು ಎದ್ದು ಎರಡು ದಿನ ತಲೆನೋವು ಬಂದದ್ದೇ ತಡ, ಹೆಂಡತಿ ರಾಜಮ್ಮ ಕೋಲಾರಕ್ಕೆ ಎಳೆದೊಯ್ದು ಎಂಆರ್‌ಐ ಮಾಡಿಸಿದಳು. ಪೆಟ್ಟಿನಿಂದ ಏನೂ ಆಗಿಲ್ಲ ಎಂದರು ಡಾಕ್ಟರು. ಆದರೆ ಮಿದುಳಿನಲ್ಲಿ ನಾಲ್ಕು ಬಿಳಿ ಚುಕ್ಕೆ ಇವೆಯಂತೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರದ ಕಾಯಿಲೆಯಲ್ಲಿ ಹೀಗೇ ಕಾಣುತ್ತದಂತೆ. ಲಕ್ಷಣವೇನೂ ಇಲ್ಲದ್ದರಿಂದ ಈಗಲೇ ಹೆಸರಿಡುವಂತಿಲ್ಲ, ಮುಂದೆ ಬಂದರೂ ಬರಬಹುದು, ಬರದೆಯೂ ಇರಬಹುದು, ಆರು ತಿಂಗಳ ಮೇಲೆ ಮತ್ತೆ ನೋಡೋಣ ಎಂದರು.

"ಚೆನ್ನಾಗೇ ತಿಂತಿದೀನಲ್ಲ ಸಾರ್" ಅಂದೆ. ಆ ಮಾತು ಯಾರದೆಂದು ನನಗೆ ಹೊಳೆದದ್ದು ಅದು ಬಾಯಿಂದ ಹೊರಬಿದ್ದ ಮೇಲೆ. ಕಣ್ಣು ಮಂಜಾದರೆ, ಕೈಕಾಲು ಜೋಮು ಹಿಡಿದರೆ, ನಡೆಯುವಾಗ ಆಯ ತಪ್ಪಿದರೆ ತಕ್ಷಣ ಬನ್ನಿ ಎಂದು ಹೇಳಿ ಕಳಿಸಿದರು.

ಅಂದಿನಿಂದ ನಾನು ಪೂರ್ಣಾವಧಿ ರೋಗಿಯಾದೆ, ರೋಗವೊಂದು ಬಿಟ್ಟು. ಒಂಟಿ ಕಾಲಲ್ಲಿ ನಿಂತು ಹಲ್ಲುಜ್ಜತೊಡಗಿದೆ. ಒಂದು ಭಾನುವಾರ ಎಡಗಾಲು ಮರಗಟ್ಟಿದಾಗ ಕೋಲಾರಕ್ಕೆ ಹೊರಡೋಣವೆಂದು ಕೂಗಿಕೊಂಡೆ. ಅದೇ ಕಾಲಿನ ಮೇಲೆ ಒಂದು ಗಂಟೆಯಿಂದ ಕೂತು ಉಪ್ಪಿನಕಾಯಿಗೆ ಮಾವು ಹೆಚ್ಚುತ್ತಿದ್ದೀರಿ ಎಂದು ರಾಜಮ್ಮ ನೆನಪಿಸಿ ಹೊಟ್ಟೆ ಹುಣ್ಣಾಗುವಂತೆ ನಕ್ಕಳು. ಅವಳು ಆಂಧ್ರದ ಗಡಿಯ ಗೌನಿಪಲ್ಲಿಯವಳು, ನಗುವುದು ಕನ್ನಡದಲ್ಲಿ, ಹೆದರುವುದು ತೆಲುಗಿನಲ್ಲಿ. ಸಂಜೆ ದೇವರ ಮುಂದೆ ನಿಂತು "ಏಮೀ ಕಾಕೂಡದು ಸ್ವಾಮಿ, ಏಮೀ ಕಾಕೂಡದು" ಎನ್ನುತ್ತಿದ್ದುದು ಕೇಳಿಸಿತು. ಏನೂ ಆಗಬಾರದೆಂದು ಅವಳು ಬೇಡುತ್ತಿದ್ದುದನ್ನು ಕೇಳಿ ನನಗೂ ನಿಜವಾಗಿ ಭಯವಾಯಿತು.

ದೊಡ್ಡ ಭಯ ಕಣ್ಣಿನದೇ. ಚುಕ್ಕೆ ನೋಡುವುದು ಬಿಟ್ಟರೆ ನನಗೆ ಬೇರೆ ವಿದ್ಯೆ ಬಾರದು. ದುರದೃಷ್ಟಕ್ಕೆ ಆ ವಾರವೆಲ್ಲ ಒಂದು ಹನಿಯಲ್ಲೂ ಚುಕ್ಕೆ ಸಿಗಲಿಲ್ಲ. ರೈತರು ಕೈಮುಗಿದು ಸಂತೋಷವಾಗಿ ಹೋಗುತ್ತಿದ್ದರೆ ನಾನು ಬೆವರುತ್ತಿದ್ದೆ. ಚುಕ್ಕೆ ಇಲ್ಲವೋ, ನನಗೆ ಕಾಣುತ್ತಿಲ್ಲವೋ? ಪಕ್ಕದ ಮೇಜಿನ ಶಾಂತಮ್ಮನವರನ್ನು ಕರೆದು ತೋರಿಸಿದೆ. ಏನೂ ಇಲ್ಲ ಎಂದರು. ನಾಲ್ಕನೆಯ ಸಲವೂ ಹಾಗೇ ಹೇಳಿದಾಗ ಅವರ ಕಣ್ಣಿನ ಮೇಲೂ ಅನುಮಾನ ಬಂತು.

ಮರುವಾರ ಮುಳಬಾಗಿಲು ಕಡೆಯ ಮುನಿಯಪ್ಪ ಎಂಬ ರೈತ ತನ್ನ ಗೂಡಿನ ಫಲಿತಾಂಶಕ್ಕಾಗಿ ನನ್ನ ಮೇಜಿನ ಪಕ್ಕ ಕೈಕಟ್ಟಿ ನಿಂತಿದ್ದ. ಕಣ್ಣಿಟ್ಟೆ. ಮಂಜು ಮಂಜು. ಸೂಕ್ಷ್ಮದರ್ಶಕದ ತಿರುಪು ತಿರುಗಿಸಿದೆ, ಮಂಜು ಹೋಯಿತು. ಅಕ್ಕಿನುಚ್ಚು ಚೆಲ್ಲಿದ ಹಾಗೆ ಹತ್ತು ಹನ್ನೆರಡು ಚುಕ್ಕೆ ಫಳಫಳ ಹೊಳೆಯುತ್ತಿದ್ದವು. ಬಲಗಣ್ಣು ಮುಚ್ಚಿದೆ, ಇದ್ದವು. ಎಡಗಣ್ಣು ಮುಚ್ಚಿದೆ, ಆಗಲೂ ಇದ್ದವು.

"ಇದಾವೆ ಶಾಂತಮ್ಮ, ಎರಡು ಕಣ್ಣಿಗೂ ಕಾಣ್ತಿದಾವೆ" ಎಂದು ಕುರ್ಚಿಯಿಂದ ಎದ್ದೇಬಿಟ್ಟೆ. ಅವರು ಬಂದು ನೋಡಿ ಹೌದೆಂದರು.

ಮುನಿಯಪ್ಪನ ಮುಖ ಬಾಡಿತು.

"ಸುಡೋದಾದ್ರೆ ಸುಡಿ ಸಾರ್. ಅದಕ್ಕ್ಯಾಕೆ ಇಷ್ಟೊಂದು ನಗ್ತೀರಾ?"

ಸಮಾಧಾನ ಹೇಳಬೇಕೆಂದು ಬಾಯಿ ತೆರೆದೆ. ನಗು ಮಾತ್ರ ಮುಖ ಬಿಟ್ಟು ಹೋಗಲೊಲ್ಲದು. ಅದನ್ನು ಮರೆಮಾಚಲು ಗಂಭೀರವಾಗಿ ಬಗ್ಗಿ ಮತ್ತೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಇನ್ನೂ ಮೂರು ಕಂಡವು.