ತಲೆ ಬೀಗ ಯಾರ ತಾವ?

ರಾಮನಗರದ ಒಂದು ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ಇಪ್ಪತ್ತು ವರ್ಷದಿಂದ ನರ್ಸ್ ಆಗಿದ್ದೀನಿ. ಇಲ್ಲಿ ಮಾತ್ರೆ ಕೆಲಸ ಮಾಡೋಕೆ ಮೊದಲು ಅನುಮಾನ ಕೆಲಸ ಮಾಡುತ್ತೆ. ನಿಜ ಹೇಳಬೇಕು ಅಂದ್ರೆ ನಂದೂ ಅಷ್ಟೇ.

ಮೊನ್ನೆ ಹೊಸ ಪ್ರಯೋಗ ಬಂತು. ತಲೆ ಸ್ಕ್ಯಾನ್ ಮಾಡಿ, ಆ ಒಬ್ಬರದೇ ಮಿದುಳಿನ ಪ್ರತಿರೂಪವನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಯಾವ ಮಾತ್ರೆ ಒಗ್ಗಬಹುದು ಅಂತ ಮೊದಲು ಅದರಲ್ಲಿ ನೋಡೋದಂತೆ. ಅಯ್ಯೋ ಶಿವನೇ ಅಂದೆ.

೧. ಚಪ್ಪಲಿ ಬಿಡಿ

ಚನ್ನಪಟ್ಟಣದ ಕಡೆ ರೇಷ್ಮೆಹುಳ ಸಾಕುವ ಯಜಮಾನರೊಬ್ಬರನ್ನು ಹೆಂಡತಿ ಕರೆತಂದರು. ನಾಲ್ಕು ತಿಂಗಳಿಂದ ಮಾತಿಲ್ಲ, ಹುಳದ ಮನೆ ಕಡೆ ತಿರುಗಿಯೂ ನೋಡಲ್ಲ. ಎರಡು ಥರದ ಮಾತ್ರೆ ನಾಟಿರಲಿಲ್ಲ.

"ಏನಿಕ್ಕಿದ್ರೂ ಸುಮ್ಕೆ ತಿಂದು ಏಳ್ತಾರೆ. ಬೈಯೋದೂ ಬುಟ್ಬುಟ್ರು ಸಿಸ್ಟರೇ, ಮನೆ ಬಿಕೋ ಅಂತೈತೆ" ಅಂತ ಹೆಂಡತಿ ಅತ್ತೇಬಿಟ್ಟರು.

ಡಾಕ್ಟರು ಸ್ಕ್ಯಾನ್ ಅಂದದ್ದೇ ತಡ, ಯಜಮಾನರು ಬಾಯಿಬಿಟ್ಟರು: "ರೋಗ ಬತ್ತದೆ, ದೃಷ್ಟಿ ಆಯ್ತದೆ ಅಂತ ಹುಳದ ಮನೆ ಒಳಕ್ಕೆ ಸ್ವಂತ ಭಾವಮೈದುನನ್ನೇ ಬುಡಕಿಲ್ಲ. ತಲೆ ಒಳಕ್ಕೆ ನಿಮ್ಮನ್ನ ಬುಟ್ಟೇನಾ?"

ಡಾಕ್ಟರು ಎದ್ದು, ಹುಳದ ಮನೆಗೆ ಹೋಗುವವರ ಹಾಗೆ ಚಪ್ಪಲಿ ಬಾಗಿಲಾಚೆ ಬಿಟ್ಟು ಬಂದು ಕೂತರು. "ಈಗ?"

ಯಜಮಾನರು ನನ್ನ ಕಾಲು ನೋಡಿದರು. ನಾನೂ ಬಿಟ್ಟು ಬಂದೆ.

೨. ಮೊದಲು ಅವನು

ಸ್ಕ್ಯಾನ್ ಮುಗಿದು, ಪರದೆಯ ಮೇಲೆ ತಮ್ಮ ಮಿದುಳಿನ ಪ್ರತಿರೂಪ ಕಂಡ ಯಜಮಾನರು, "ಮಾಟಕ್ಕೆ ಗೊಂಬೆ ಮಾಡ್ದಂಗೈತೆ" ಅಂದರು. ಹೊಸ ಮಾತ್ರೆ ಕೊಟ್ಟರೆ, ಪರದೆ ಕಡೆ ಬೆರಳು ತೋರಿಸಿ, "ಮೊದ್ಲು ಅವನು ನುಂಗ್ಲಿ."

"ಅವನಲ್ಲಿ ನೋಡಿಯೇ ಆರಿಸಿದ್ದು ಯಜಮಾನ್ರೇ. ಆದ್ರೂ ಇದು ಅಂದಾಜು, ಗ್ಯಾರಂಟಿ ಕೊಡಲ್ಲ" ಅಂದರು ಡಾಕ್ಟರು.

"ಅವನು ನುಂಗಿದ್ದು ನಾನ್ ಕಂಡಿಲ್ಲ."

ಹೆಂಡತಿ ಒಂದು ಲೋಟ ನೀರು ತಂದು ಕಂಪ್ಯೂಟರಿನ ಮುಂದಿಟ್ಟರು. ಒಂದು ಗಳಿಗೆ ಕಾದು ಹೇಳಿದರು: "ಅವ್ರದ್ದಾಯ್ತು. ಈಗ ನಿಮ್ದು."

ನುಂಗಿದರು.

೩. ಉಪ್ಪು

ಆರು ವಾರವಾದ ಮೇಲೆ ಹೆಂಡತಿ ಓಡೋಡಿ ಬಂದರು. "ಸಿಸ್ಟರೇ, ಬೈದ್ರು! ಸಾರಿಗೆ ಉಪ್ಪಿಲ್ಲ ಅಂತ ಬೆಳಿಗ್ಗೆ ಚೆಂದಾಗಿ ಬೈದ್ರು!" ಹುಳದ ಮನೆಗೂ ಹೋಗ್ತಿದ್ದಾರಂತೆ. ನನ್ನ ಹೊಟ್ಟೆ ತಣ್ಣಗಾಯ್ತು.

ಹಿಂದೆಯೇ ಬಂದ ಯಜಮಾನರು ಕಂಪ್ಯೂಟರನ್ನು ಓರೆಗಣ್ಣಲ್ಲಿ ನೋಡಿದರು. "ನಾನು ಇವತ್ತು ಬೈತೀನಿ ಅಂತ ಇದಕ್ಕೆ ಮೊದ್ಲೇ ಗೊತ್ತಿತ್ತಾ?"

"ಇಲ್ಲಪ್ಪ, ಅಷ್ಟೆಲ್ಲ ಗೊತ್ತಾಗಲ್ಲ" ಅಂದರು ಡಾಕ್ಟರು.

"ಹಂಗಾದ್ರೆ ತಲೆ ಬೀಗ ನನ್ನ ತಾವೇ ಐತೆ" ಅಂತ ಮೀಸೆ ಮೇಲೆ ಕೈಯಾಡಿಸಿದರು.

ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. "ಐತೆ, ಐತೆ. ಒಂದಲ್ಲ ಒಂದು ದಿನ ಬೈಲಿ ಅಂತ ಐದು ತಿಂಗಳಿಂದ ದಿನಾ ಉಪ್ಪಿಲ್ಲದೆ ಸಾರು ಮಾಡ್ತಿದ್ದೀನಿ!"